ಕಾದ ಹೊತ್ತನ್ನೂ ಬರೆಯಿರಿ

ಓದುಗರ ಪ್ರಶ್ನೆ – ಲಾರಿ ಲೆಕ್ಕದವನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಲಾರಿ ಚಾಲಕನ ದುಡಿಮೆಯ ಹೊತ್ತನ್ನು ಬರೆದಿಡುವುದು ಹೇಗೆ, ಬರೆದಿಟ್ಟು ಆಗುವುದೇನು. ಟೈರು, ಪರ್ಮಿಟ್, ಇನ್ಶೂರೆನ್ಸ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಬಳ್ಳಾರಿಯವನು. ಮೊದಲು ಲಾರಿ ಓಡಿಸುತ್ತಿದ್ದೆ, ಈಗ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಟ್ರಿಪ್ ಶೀಟ್ ನೋಡುತ್ತೇನೆ. ಕ್ಯಾಬಿನ್ನಿನಲ್ಲಿ ಕೂತೂ ಮೇಜಿನ ಹಿಂದೆ ಕೂತೂ ಈ ಲೆಕ್ಕ ನೋಡಿದ್ದೇನೆ.

ಪ್ರಶ್ನೆ: ಕಾರಟಗಿಯ ರೈಸ್ ಮಿಲ್ಲುಗಳಿಂದ ಬೆಂಗಳೂರಿಗೆ ಅಕ್ಕಿ ಲೋಡು ಒಯ್ಯುತ್ತೇನೆ. ಓನರ್ ಕೊಡುವ ಟ್ರಿಪ್ ಶೀಟಿನಲ್ಲಿ ಡೀಸೆಲ್, ಟೋಲ್, ಹಮಾಲಿ, ಬತ್ತಾ, ಮೀಟರ್ ರೀಡಿಂಗ್ ಇಷ್ಟೇ ಕಾಲಂ. ಕಣ್ಣಿನ ತಪಾಸಣೆ ಶಿಬಿರಕ್ಕೆ ಬಂದಿದ್ದ ಡಾಕ್ಟರು, ಎಷ್ಟು ಗಂಟೆ ಗಾಡಿ ಓಡಿಸ್ತೀಯ ಅಂತ ಬರೆದಿಟ್ಟುಕೋ ಎಂದರು. ಏನು ಬರೆಯಬೇಕು, ಹೇಗೆ ಬರೆಯಬೇಕು? ನನಗೆ ಒಂದು ಟ್ರಿಪ್ಪಿಗೆ ಒಂಬತ್ತು ತಾಸು ಡ್ರೈವಿಂಗ್, ಅದೇನು ಬಹಳ ಅಲ್ಲ.
– ಚಾಲಕರೊಬ್ಬರು, ಕಾರಟಗಿ

ಉತ್ತರ: ತಮ್ಮಾ, ನಿನ್ನ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಒಂಬತ್ತು ತಾಸು ಎಂದೆಯಲ್ಲ, ಅದು ಚಕ್ರ ಉರುಳಿದ ಹೊತ್ತು. ನೀನು ದುಡಿದ ಹೊತ್ತು ಬೇರೆ. ನಿನ್ನ ದಾರಿಯದೇ ಒಂದು ಟ್ರಿಪ್ಪನ್ನು ಕಾಗದದ ಮೇಲೆ ಇಟ್ಟು ತೋರಿಸುತ್ತೇನೆ.

ಬೆಳಿಗ್ಗೆ 11ಕ್ಕೆ ಗಾಡಿ ಮಿಲ್ಲಿನ ಗೇಟಿನೊಳಗೆ ಬಂತು. ಮುಂದೆ ನಾಲ್ಕು ಗಾಡಿ, ಪಾಳಿ ಕಾಯಬೇಕು. 3ಕ್ಕೆ ಹಮಾಲರು ಚೀಲ ಹಾಕಲು ಶುರು ಮಾಡಿದರು. 5.30ಕ್ಕೆ ಲೋಡು ಮುಗಿಯಿತು. ತಾಡಪತ್ರಿ ಎಳೆದು ಹಗ್ಗ ಬಿಗಿಯುವ ಕೆಲಸ. 6.15ಕ್ಕೆ ವೇಬ್ರಿಜ್ಜಿನಲ್ಲಿ ತೂಕ, ಬಿಲ್ಲು. 7ಕ್ಕೆ ಹೊರಟೆ. 9.15ಕ್ಕೆ ಹೊಸಪೇಟೆ ದಾಟಿ ಡಾಬಾದಲ್ಲಿ ಊಟ, 10ಕ್ಕೆ ಮತ್ತೆ ಸ್ಟೇರಿಂಗ್. ಚಿತ್ರದುರ್ಗ ಬಿಟ್ಟು ಹಿರಿಯೂರಿನ ಹತ್ತಿರ ರಾತ್ರಿ 1.30ಕ್ಕೆ ಚಹಾ. 1.50ಕ್ಕೆ ಹೊರಟು ನಸುಕಿನ 5.15ಕ್ಕೆ ಯಶವಂತಪುರ.

ಸ್ಟೇರಿಂಗ್ ಹಿಡಿದದ್ದು ಮೊದಲು 2 ಗಂಟೆ 15 ನಿಮಿಷ, ಆಮೇಲೆ 3 ಗಂಟೆ 30 ನಿಮಿಷ, ಕೊನೆಗೆ 3 ಗಂಟೆ 25 ನಿಮಿಷ. ಒಟ್ಟು 9 ಗಂಟೆ 10 ನಿಮಿಷ. ನೀನು ಹೇಳಿದ್ದು ಸುಳ್ಳಲ್ಲ. ಆದರೆ ಗೇಟಿನೊಳಗೆ ಬಂದಾಗಿನಿಂದ ಎಣಿಸು: 18 ಗಂಟೆ 15 ನಿಮಿಷ. ಆ ದಿನ ಬೆಳಿಗ್ಗೆ 6ಕ್ಕೆ ಎದ್ದಿದ್ದರೆ, ತುಮಕೂರು ದಾಟುವಾಗ ನೀನು ಹೆಚ್ಚುಕಡಿಮೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ನಿದ್ದೆ ಇಲ್ಲದವನು. ಇದು ನಿನ್ನ ಟ್ರಿಪ್ ಶೀಟಿನ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ. ಬರೆಯಬೇಕಾದದ್ದು ಇದನ್ನೇ.

ಗಟ್ಟಿ ರಟ್ಟಿನ ಉದ್ದ ನೋಟ್‌ಬುಕ್ ಸಾಕು. ದಿನಕ್ಕೊಂದು ಪುಟ, ರಾತ್ರಿ 12 ಆಯಿತೆಂದರೆ ಹೊಸ ಪುಟ. ತಲೆಗೆ ತಾರೀಖು, ಗಾಡಿ ನಂಬರು. ಕೆಳಗೆ ನಾಲ್ಕೇ ಕಾಲಂ: ಎಷ್ಟೊತ್ತಿಗೆ, ಎಲ್ಲಿ, ಏನು, ಮೀಟರ್ ಎಷ್ಟು. ‘ಏನು’ ಎಂಬಲ್ಲಿ ಉದ್ದಕ್ಕೆ ಬರೆಯಬೇಕಿಲ್ಲ. ಓಡಿಸಿದ್ದಕ್ಕೆ ‘ಓ’, ಲೋಡಿಂಗು, ಹಗ್ಗ, ಪಂಕ್ಚರು, ಬಿಲ್ಲು ಇಂಥ ಕೆಲಸಕ್ಕೆ ‘ಕೆ’, ಕಾದದ್ದಕ್ಕೆ ‘ಕಾ’, ಊಟ–ಚಹಾಕ್ಕೆ ‘ಊ’, ಮಲಗಿದ್ದಕ್ಕೆ ‘ಮ’. ಒಂದರಿಂದ ಇನ್ನೊಂದಕ್ಕೆ ಬದಲಾದಾಗ ಮಾತ್ರ ಒಂದು ಸಾಲು. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿದ ಮೇಲೆ ಬರೆ. ಓಡುತ್ತಿರುವಾಗ ಪುಸ್ತಕ ಮುಟ್ಟಬೇಡ.

ಆಗಿಂದಾಗ್ಗೆ ಬರೆಯುವುದು ಮುಖ್ಯ. ಊರಿಗೆ ಹೋದ ಮೇಲೆ ನೆನಪಿನಿಂದ ಬರೆದ ಪುಟ ನನ್ನ ಮೇಜಿಗೆ ಬಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ: ಎಲ್ಲ ಹೊತ್ತೂ 8, 9, 10 ಎಂದು ಗುಂಡಗೆ ಬಂದಿರುತ್ತದೆ. ನಿಜವಾದ ಪುಟದಲ್ಲಿ 9.15 ಇರುತ್ತದೆ, 1.50 ಇರುತ್ತದೆ. ಸಂಶಯ ಬಂದರೆ ಫಾಸ್ಟ್ಯಾಗ್ ಮೆಸೇಜು ನೋಡಿಕೋ, ಯಾವ ಟೋಲನ್ನು ಎಷ್ಟೊತ್ತಿಗೆ ದಾಟಿದೆ ಎಂದು ಅದರಲ್ಲಿ ನಿಮಿಷ ಸಮೇತ ಇರುತ್ತದೆ. ಪೆನ್ನಿನಲ್ಲೇ ಬರೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಹಾಕು. ಒರೆಸಬೇಡ, ಹಾಳೆ ಹರಿಯಬೇಡ. ಹಾಳೆ ಹರಿದ ಪುಸ್ತಕವನ್ನು ನಾಳೆ ಯಾರೂ ನಂಬುವುದಿಲ್ಲ.

ಕಾದದ್ದರಲ್ಲಿ ಎರಡು ಬಗೆ ಇದೆ, ಅವನ್ನು ಬೆರೆಸಬೇಡ. ಪಾಳಿಯಲ್ಲಿದ್ದೀಯ, ಮುಂದಿನ ಗಾಡಿ ಸರಿದಂತೆ ನೀನೂ ಸರಿಯಬೇಕು, ಯಾವಾಗ ಕೂಗುತ್ತಾರೋ ಗೊತ್ತಿಲ್ಲ, ಬೀಗ ಹಾಕಿ ಹೋಗುವಂತಿಲ್ಲ. ಇದು ಕೆಲಸ. ಮೈ ಕೂತಿರುತ್ತದೆ, ಮನಸ್ಸು ಎದ್ದು ನಿಂತಿರುತ್ತದೆ. ಇನ್ನೊಂದು: ಮಿಲ್ಲಿನವರು ಟೋಕನ್ ಕೊಟ್ಟು, ನಿನ್ನ ಪಾಳಿ 3ಕ್ಕೆ, ಅಲ್ಲಿವರೆಗೆ ಎಲ್ಲಿ ಬೇಕಾದರೂ ಹೋಗು ಎಂದರು, ನೀನು ಮರದ ನೆರಳಲ್ಲಿ ನಿಲ್ಲಿಸಿ ಮೂರು ತಾಸು ಮಲಗಿದೆ. ಅದು ವಿಶ್ರಾಂತಿ. ಮೊದಲನೆಯದಕ್ಕೆ ‘ಕಾ’ ಬರೆ, ಎರಡನೆಯದಕ್ಕೆ ‘ಮ’ ಬರೆ. ಲೋಡಿಂಗ್ ಕ್ಲರ್ಕನ್ನು ಟೋಕನ್ ಕೇಳಲು ಸಂಕೋಚ ಪಡಬೇಡ. ಅವನಿಗೆ ಅದು ಒಂದು ಚೀಟಿ, ನಿನಗೆ ಮೂರು ತಾಸಿನ ನಿದ್ದೆ.

ಇನ್ನು ಆ ಟ್ರಿಪ್ಪಿನ ಮಾತು. ಅವತ್ತು ಸಂಜೆ 7ಕ್ಕೆ ಹೊರಡಬಾರದಿತ್ತು. ಅಲ್ಲೇ ಉಂಡು ಮಲಗಿ, ನಸುಕಿನ 4ಕ್ಕೆ ಹೊರಟು, ಹೊಸಪೇಟೆ ದಾಟಿ ಒಮ್ಮೆ, ಹಿರಿಯೂರಿನ ಹತ್ತಿರ ಒಮ್ಮೆ ಅರ್ಧರ್ಧ ತಾಸು ನಿಂತು, ಮಧ್ಯಾಹ್ನಕ್ಕೆ ದಾಬಸ್‌ಪೇಟೆ ಹತ್ತಿರ ಹಾಕಿದರೆ, ನಗರದಲ್ಲಿ ಭಾರಿ ಗಾಡಿಗಿರುವ ನಿರ್ಬಂಧದ ಹೊತ್ತು ಕಳೆಯುವವರೆಗೆ ಮಲಗಬಹುದು. ಒಂದು ದಿನ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಬಿಲ್ಲಿನ ಅವಧಿ ಮುಗಿಯುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡ. 2021ರ ಜನವರಿಯಿಂದ ಇ-ವೇ ಬಿಲ್ಲಿಗೆ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ) ಪ್ರತಿ 200 ಕಿ.ಮೀ.ಗೆ ಒಂದು ದಿನ ಅವಧಿ ಇದೆ, ಉಳಿದ ಭಾಗಕ್ಕೂ ಒಂದು ದಿನ. ನಿನ್ನ ದಾರಿ ಸರಿಯಾಗಿ 400 ಆದರೆ ಎರಡು ದಿನ, ಐದು ಕಿಲೋಮೀಟರ್ ಹೆಚ್ಚಾದರೆ ಮೂರು ದಿನ. ಮುಗಿಯುವ ಎಂಟು ತಾಸು ಮೊದಲಿನಿಂದ ಎಂಟು ತಾಸು ಆಮೇಲಿನವರೆಗೆ ಅವಧಿ ವಿಸ್ತರಿಸಿಕೊಳ್ಳುವುದಕ್ಕೂ ಅವಕಾಶವಿದೆ. ಅವಸರ ಸರಕಿನ ಪಾರ್ಟಿಯದು, ಬಿಲ್ಲಿನದಲ್ಲ.

ಪ್ರಶ್ನೆ: ನಮ್ಮ ಅಪ್ಪ ಲಾರಿ ಚಾಲಕರು. ದಿನಕ್ಕೆ ಇಷ್ಟೇ ಗಂಟೆ ದುಡಿಸಿಕೊಳ್ಳಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇದೆಯೇ? ಅಪ್ಪ ಇಲ್ಲ ಎನ್ನುತ್ತಾರೆ.
– ಪದವಿ ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಇದೆ ಮಗಳೇ, ನಿಮ್ಮ ಅಪ್ಪ ಹುಟ್ಟುವುದಕ್ಕೂ ಮೊದಲಿನಿಂದ ಇರಬಹುದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 2025ರ ನವೆಂಬರ್‌ವರೆಗೆ ಅದೇ ನಡೆಯುತ್ತಿತ್ತು. ಅದು ಹೇಳಿದ್ದು ಇಷ್ಟು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಗೆ ಅಧಿಕಾರಿಯ ಒಪ್ಪಿಗೆ ಪಡೆದರೆ ದಿನಕ್ಕೆ 10, ವಾರಕ್ಕೆ 54. ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಬೇಕು. ವಿರಾಮವೆಲ್ಲ ಸೇರಿಸಿ ಶುರುವಿನಿಂದ ಕೊನೆಯವರೆಗೆ 12 ಗಂಟೆ ಮೀರಬಾರದು. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ಮೊದಲು ಒಂದೇ ಪಟ್ಟಿನಲ್ಲಿ 9 ಗಂಟೆ ಬಿಡುವು. ಏಳು ದಿನಕ್ಕೊಂದು ರಜೆ. ಮೀರಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ.

ಇದರಲ್ಲಿ ನನಗೆ ತುಂಬ ಬೆಲೆಯುಳ್ಳದ್ದು ಎನಿಸಿದ ಭಾಗ ಬೇರೆ ಇದೆ. ದುಡಿಮೆಯ ಹೊತ್ತು ಎಂದರೆ ಏನು ಎಂದು ಆ ಕಾಯ್ದೆ ಬಿಡಿಸಿ ಹೇಳಿತ್ತು. ಗಾಡಿ ಓಡಿಸಿದ್ದು ಮಾತ್ರವಲ್ಲ. ಲೋಡು ಹಾಕುವುದು, ಇಳಿಸುವುದು, ಗಾಡಿ ರಿಪೇರಿ, ಲೆಕ್ಕ ಒಪ್ಪಿಸುವುದು, ರಿಜಿಸ್ಟರಿಗೆ ಸಹಿ ಹಾಕುವುದು, ಗಾಡಿ ಇರುವ ಜಾಗಕ್ಕೆ ಡ್ಯೂಟಿಯ ಮೇಲೆ ಹೋಗುವುದು, ಇವೆಲ್ಲವೂ ಸೇರುತ್ತವೆ. ಅರವತ್ತು ವರ್ಷದ ಹಿಂದೆ ಇದನ್ನು ಬರೆದವರು ಲಾರಿಯವರ ದಿನ ಹೇಗಿರುತ್ತದೆ ಎಂಬುದನ್ನು ಚೆನ್ನಾಗಿ ನೋಡಿಯೇ ಬರೆದಿದ್ದಾರೆ.

ಆ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಅನ್ವಯವಾಗುತ್ತಿತ್ತು. ಈಗ ಅದು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ದುಡಿಮೆಯ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿದೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ದಿನಕ್ಕೆ 8 ಗಂಟೆ ಅಲ್ಲೂ ಉಳಿದಿದೆ, ಆದರೆ ಅನ್ವಯವಾಗಲು ಬೇಕಾದ ಕಾರ್ಮಿಕರ ಸಂಖ್ಯೆ ಐದರಿಂದ ಹತ್ತಕ್ಕೆ ಏರಿದೆ. ನಮ್ಮ ಕಡೆ ಎರಡು–ಮೂರು ಗಾಡಿ ಇಟ್ಟವರೇ ಹೆಚ್ಚು, ಹಾಗಾಗಿ ಇದು ನನಗೆ ನೋವಿನ ಸಂಗತಿ. ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಮಾತ್ರ ಎಷ್ಟು ಗಾಡಿ ಇವೆ ಎಂದು ಕೇಳುವುದಿಲ್ಲ. ಸಾರಿಗೆ ವಾಹನ ಓಡಿಸುವ ಯಾರಿಗೇ ಆದರೂ ದುಡಿಮೆಯ ಹೊತ್ತಿಗೆ ಮಿತಿ ಇರಬೇಕು, ಹೊತ್ತನ್ನು ಮೊದಲೇ ನಿಗದಿ ಮಾಡಿ ದಾಖಲೆ ಇಡುವಂತೆ ಮಾಲೀಕರಿಗೆ ಸರ್ಕಾರ ಹೇಳಬಹುದು ಎನ್ನುತ್ತದೆ ಅದು. ಅಪ್ಪನಿಗೆ ಇದನ್ನು ಓದಿ ಹೇಳು.

ಪ್ರಶ್ನೆ: ಮನೆಯವರು ಸಂಡೂರು ಗಣಿಯಿಂದ ತೋರಣಗಲ್ಲಿಗೆ ಅದಿರಿನ ಟಿಪ್ಪರ್ ಓಡಿಸುತ್ತಾರೆ. ಟ್ರಿಪ್ಪಿಗಿಷ್ಟು ಎಂದು ದುಡ್ಡು. ನಾಲ್ಕು ತಾಸು ಮಲಗಿ ಮತ್ತೆ ಹೋಗುತ್ತಾರೆ. ಕೇಳಿದರೆ ರೂಢಿ ಆಗಿದೆ ಅಂತಾರೆ. ಅವರು ಬರೆಯಲ್ಲ, ನಾನೇ ಬರೆದಿಡಬಹುದಾ?
– ಗೃಹಿಣಿ, ಸಂಡೂರು ತಾಲ್ಲೂಕು

ಉತ್ತರ: ಬರೆಯಮ್ಮ ತಂಗಿ, ಖಂಡಿತ ಬರೆ. ಮನೆಯ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲೇ ಬರೆಯಬಹುದು: ಬಂದದ್ದು ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಹೋದದ್ದು ಎಷ್ಟಕ್ಕೆ. ಬಂದದ್ದಕ್ಕೂ ಮಲಗಿದ್ದಕ್ಕೂ ನಡುವೆ ಸ್ನಾನ, ಊಟ, ಮಕ್ಕಳು, ಫೋನು ಎಂದು ಒಂದೂವರೆ ತಾಸು ಹೋಗಿರುತ್ತದೆ. ಗಂಡಸರು ಅದನ್ನೂ ನಿದ್ದೆಯ ಲೆಕ್ಕಕ್ಕೇ ಹಾಕಿಕೊಂಡಿರುತ್ತಾರೆ. ತಿಂಗಳ ಕೊನೆಗೆ ಜಗಳ ಮಾಡದೆ ಆ ಕ್ಯಾಲೆಂಡರ್ ಅವರ ಮುಂದೆ ಇಡು.

ರೂಢಿ ಆಗಿದೆ ಎಂಬ ಮಾತನ್ನು ನಾನೂ ಬಹಳ ಚಾಲಕರ ಬಾಯಲ್ಲಿ ಕೇಳಿದ್ದೇನೆ. ನಿದ್ದೆಗೆಡುವುದು ರೂಢಿಯಾಗುವುದಿಲ್ಲ, ನಿದ್ದೆಗೆಟ್ಟದ್ದು ಗೊತ್ತಾಗದಿರುವುದು ರೂಢಿಯಾಗುತ್ತದೆ. 17 ತಾಸು ಎಚ್ಚರವಿದ್ದವನ ಕಣ್ಣು–ಕೈಯ ಚುರುಕು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನಷ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ನಮ್ಮ ಕಾನೂನು ಸ್ಟೇರಿಂಗ್ ಹಿಡಿಯುವವನಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಒಂದು ಹನಿ ಕುಡಿಯದ ನಿನ್ನ ಯಜಮಾನರು ನಿದ್ದೆ ಇಲ್ಲದೆಯೇ ಆ ಮಿತಿ ದಾಟಿರುತ್ತಾರೆ. ಕಣ್ಣು ತೆರೆದೇ ಇದ್ದು ಮಿದುಳು ಮೂರು–ನಾಲ್ಕು ಸೆಕೆಂಡು ಮಲಗಿಬಿಡುವುದುಂಟು. 60ರ ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ 66 ಮೀಟರ್ ಹೋಗಿರುತ್ತದೆ. ರಾತ್ರಿ 2ರಿಂದ ನಸುಕಿನ 6ರವರೆಗೆ, ಮತ್ತೆ ಮಧ್ಯಾಹ್ನ 2ರಿಂದ 4ರವರೆಗೆ ಇದರ ಭಯ ಹೆಚ್ಚು.

ಟಿಪ್ಪರಿನ ಕಷ್ಟ ಏನೆಂದರೆ ದಾರಿ ಚಿಕ್ಕದು. ಇದೊಂದು ಟ್ರಿಪ್ ಹೊಡೆದು ಬರುತ್ತೇನೆ ಎನಿಸುತ್ತದೆ, ಆ ಒಂದರ ಮೇಲೆ ಇನ್ನೊಂದು. ದೂರದ ಲಾರಿಯವನಿಗೆ ಎಲ್ಲೋ ನಿಲ್ಲಬೇಕು ಎಂದಾದರೂ ತೋರುತ್ತದೆ, ಟಿಪ್ಪರಿನವನಿಗೆ ತೋರುವುದಿಲ್ಲ. ಅದಕ್ಕೇ ಟ್ರಿಪ್ಪು ಎಣಿಸುವುದನ್ನು ಬಿಟ್ಟು ತಾಸು ಎಣಿಸಬೇಕು. ದಿನಕ್ಕೆ ಎಷ್ಟು ತಾಸು ಎಂದು ಗಂಡಹೆಂಡತಿ ಇಬ್ಬರೂ ಕೂತು ಮೊದಲೇ ಗೊತ್ತು ಮಾಡಿಕೊಳ್ಳಿ. ಅದರಿಂದ ಕಡಿಮೆಯಾಗುವ ದುಡ್ಡೆಷ್ಟು ಎಂಬುದನ್ನೂ ಬರೆದುಕೊಳ್ಳಿ, ಮುಚ್ಚಿಡಬೇಡಿ. ನಮ್ಮ ಬಳ್ಳಾರಿ ಸೀಮೆಯ ಏಪ್ರಿಲ್–ಮೇ ಬಿಸಿಲಿನಲ್ಲಿ ಹಗಲು ನಿದ್ದೆ ಮಾಡುವುದು ಸುಲಭವಲ್ಲ. ಕಿಟಕಿಗೆ ದಪ್ಪ ಬಟ್ಟೆ ಕಟ್ಟು, ಅವರ ಫೋನು ನೀನು ಇಟ್ಟುಕೋ, ನೆಂಟರು ಬಂದರೂ ಎಬ್ಬಿಸಬೇಡ. ಡ್ಯೂಟಿಯಲ್ಲಿರುವಾಗ ಫೋನು ಮಾಡಬೇಡ. ಅವರೇ ಗಾಡಿ ನಿಲ್ಲಿಸಿ ಮಾಡಲಿ.

ಪ್ರಶ್ನೆ: ನನ್ನವು ಮೂರು ಲಾರಿ, ಹತ್ತಿ ಮತ್ತು ಹಾರುಬೂದಿ ಸಾಗಿಸುತ್ತೇವೆ. ಡ್ರೈವರುಗಳು ಹೊತ್ತು ಬರೆಯಲು ಶುರು ಮಾಡಿದರೆ ನಾಳೆ ಅದನ್ನೇ ಹಿಡಿದು ಓವರ್‌ಟೈಮ್ ಕೇಳುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ನೀವು ಮಾಲೀಕರಿಗೆ ಕಷ್ಟ ತರುವ ಸಲಹೆ ಕೊಡುತ್ತಿದ್ದೀರಿ. ಬೇಕಾದರೆ ತೋರಿಸಲು ಒಂದು, ನಮ್ಮ ಲೆಕ್ಕಕ್ಕೆ ಒಂದು ಪುಸ್ತಕ ಇಡಬಹುದೇ?
– ಲಾರಿ ಮಾಲೀಕರು, ರಾಯಚೂರು

ಉತ್ತರ: ಎರಡನೇ ಪ್ರಶ್ನೆಗೆ ಮೊದಲು. ಎರಡು ಪುಸ್ತಕ ಬೇಡ ಸಾಹುಕಾರರೇ, ಯಾವ ಕಾರಣಕ್ಕೂ ಬೇಡ. ಸುಳ್ಳು ಪುಸ್ತಕ ಇಡುವುದಕ್ಕಿಂತ ಪುಸ್ತಕವೇ ಇಡದಿರುವುದು ಲೇಸು. ಟೋಲಿನ ಹೊತ್ತು, ಡೀಸೆಲ್ ಬಂಕಿನ ಬಿಲ್ಲಿನ ಹೊತ್ತು, ವೇಬ್ರಿಜ್ ಚೀಟಿಯ ಹೊತ್ತು, ಜಿಪಿಎಸ್ಸು, ಇಷ್ಟರಲ್ಲಿ ಒಂದರ ಜೊತೆ ತಾಳೆಯಾಗದಿದ್ದರೂ ಸಾಕು, ನಿಮ್ಮ ಉಳಿದ ಸತ್ಯವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ. ಡ್ರೈವರನ ಕೈಯಿಂದ ಸುಳ್ಳು ಹೊತ್ತು ಬರೆಸಿದ ಮಾಲೀಕ, ನಾಳೆ ಅಪಘಾತವಾದಾಗ ಆ ಸುಳ್ಳನ್ನು ಅವನ ತಲೆಗೆ ಕಟ್ಟಿದಂತಾಗುತ್ತದೆ. ಅಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮ್ಮಿನಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಜೈಲಿಗೆ ಹೋಗುವವನು ಸ್ಟೇರಿಂಗ್ ಹಿಡಿದವನು.

ಓವರ್‌ಟೈಮ್ ಕೇಳುತ್ತಾರೆ ಎಂದಿರಿ. ದುಡಿದಿದ್ದರೆ ಕೇಳಲಿ. ಆದರೆ ಆ ಪುಸ್ತಕ ನಿಮಗೂ ದುಡ್ಡು ತರುತ್ತದೆ, ಅದನ್ನು ನೀವು ನೋಡಿಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ, ಬೂದಿ ತುಂಬುವಲ್ಲಿ, ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ನಿಮ್ಮ ಗಾಡಿ ಎಷ್ಟು ತಾಸು ನಿಂತಿತು? ಹಾಲ್ಟಿಂಗ್, ಅಂದರೆ ಕಾಯಿಸಿದ್ದಕ್ಕೆ ದುಡ್ಡು, ಕೇಳಿದಾಗ ಪಾರ್ಟಿಯವರು ‘ನಿಮ್ಮ ಗಾಡಿ ಬಂದದ್ದೇ ತಡ’ ಎನ್ನುತ್ತಾರೆ, ನಿಮ್ಮ ಹತ್ತಿರ ಕಾಗದ ಇರುವುದಿಲ್ಲ, ಅಲ್ಲಿಗೆ ಮಾತು ಮುಗಿಯುತ್ತದೆ. ನಮ್ಮ ಆಫೀಸಿನಲ್ಲಿ ಇಂಥ ತಕರಾರು ಬಂದರೆ ಮೊದಲು ಕೇಳುವುದು ಡ್ರೈವರನ ಪುಸ್ತಕ. ಗೇಟಿಗೆ ಬಂದ ಹೊತ್ತು, ಒಳಗೆ ಬಿಟ್ಟ ಹೊತ್ತು, ಲೋಡು ಶುರುವಾದ ಹೊತ್ತು, ಹೊರಬಿದ್ದ ಹೊತ್ತು ನಾಲ್ಕೂ ಇದ್ದು, ಅಲ್ಲಿನ ಕ್ಲರ್ಕಿನ ಸಹಿಯೂ ಇದ್ದರೆ ಪಾರ್ಟಿಯವರ ದನಿಯೇ ಬದಲಾಗುತ್ತದೆ. ಕಾಯಿಸಿದವರು ಕೊಡಬೇಕಾದ ದುಡ್ಡನ್ನು ಇಷ್ಟು ವರ್ಷ ನಿಮ್ಮ ಡ್ರೈವರ್ ತನ್ನ ನಿದ್ದೆ ಕೆಟ್ಟು ತುಂಬಿಕೊಟ್ಟಿದ್ದಾನೆ.

ಹಿಂದೆ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಚಾಲಕರು ಇರಬೇಕೆಂಬ ನಿಯಮವಿತ್ತು, 2018ರಲ್ಲಿ ಅದನ್ನು ತೆಗೆದರು. ನಿಯಮ ಹೋಯಿತು ಎಂದು ಎರಡನೇ ಚಾಲಕನ ಅಗತ್ಯ ಹೋಗಲಿಲ್ಲ. ಮೂರು ಗಾಡಿಗೆ ನಾಲ್ಕು ಜನ ಚಾಲಕರನ್ನಿಟ್ಟು ಸರದಿ ಮಾಡಿ ನೋಡಿ.

ಅದಿರಿನ ಕಾಲ ನೆನಪಿರಬೇಕು ನಿಮಗೂ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುವ ಮೊದಲಿನ ವರ್ಷಗಳಲ್ಲಿ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟದ ಮೇಲೆ ಬೇಲೆಕೇರಿ ಬಂದರಿಗೆ ಲಾರಿಗಳ ಸಾಲು ಹಗಲುರಾತ್ರಿ ಕಡಿಯುತ್ತಿರಲಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೆ. ತೂಕಕ್ಕೆ ಕಾಗದ, ಪರ್ಮಿಟ್ಟಿಗೆ ಕಾಗದ, ಡೀಸೆಲ್ಲಿಗೆ ಕಾಗದ. ನಿದ್ದೆಗೆ ಯಾವ ಕಾಗದವೂ ಇರಲಿಲ್ಲ. ಘಟ್ಟದ ತಿರುವಿನಲ್ಲಿ ಗಾಡಿ ಬಿದ್ದರೆ ಬ್ರೇಕ್ ಫೇಲ್ ಎಂದು ಬರೆದು ಮುಗಿಸುತ್ತಿದ್ದರು. ಅವುಗಳಲ್ಲಿ ಎಷ್ಟು ಬ್ರೇಕಿನವು, ಎಷ್ಟು ನಿದ್ದೆಯವು ಎಂದು ಇವತ್ತು ಯಾರೂ ಹೇಳಲಾರರು, ಯಾಕೆಂದರೆ ಯಾರೂ ಬರೆಯಲಿಲ್ಲ. ನಾನು ಈ ಅಂಕಣದಲ್ಲಿ ಪುಸ್ತಕ, ಪುಸ್ತಕ ಎಂದು ಮತ್ತೆ ಮತ್ತೆ ಹೇಳುವುದು ಅದಕ್ಕೆ.

ಪ್ರಶ್ನೆ: ನಮ್ಮ ಅಕ್ಕನ ಮಗ ಅಮೆರಿಕದಲ್ಲಿ ಟ್ರಕ್ ಓಡಿಸುತ್ತಾನೆ. ಅಲ್ಲಿ ಹಿಂದೆ ದಿನಾ ಒಂದು ಹಾಳೆಯಲ್ಲಿ ಗೆರೆ ಎಳೆದು ಹೊತ್ತು ತೋರಿಸಬೇಕಿತ್ತಂತೆ. ಫೋನಿನಲ್ಲಿ ಹೇಳಿದ, ನನಗೆ ಸರಿಯಾಗಿ ತಿಳಿಯಲಿಲ್ಲ.
– ನಿವೃತ್ತ ಶಿಕ್ಷಕರು, ಮಾನ್ವಿ

ಉತ್ತರ: ಮೇಷ್ಟ್ರೇ, ಅದು ಬಹಳ ಚೆಂದದ ಹಾಳೆ. ಅಡ್ಡಕ್ಕೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ 24 ಮನೆ, ಒಂದೊಂದು ಮನೆಯನ್ನೂ ಕಾಲು ಗಂಟೆಯಂತೆ ನಾಲ್ಕು ಮಾಡಿರುತ್ತಾರೆ. ಮೇಲಿನಿಂದ ಕೆಳಕ್ಕೆ ನಾಲ್ಕು ಸಾಲು: ಡ್ಯೂಟಿಯಲ್ಲಿಲ್ಲ, ಕ್ಯಾಬಿನ್ನಿನ ಹಾಸಿಗೆಯಲ್ಲಿ ಮಲಗಿದ್ದಾನೆ, ಓಡಿಸುತ್ತಿದ್ದಾನೆ, ಡ್ಯೂಟಿಯಲ್ಲಿದ್ದಾನೆ ಆದರೆ ಓಡಿಸುತ್ತಿಲ್ಲ. ಚಾಲಕ ತಾನಿರುವ ಸಾಲಿನಲ್ಲಿ ಗೆರೆ ಎಳೆಯುತ್ತ ಹೋಗುತ್ತಾನೆ. ಸ್ಥಿತಿ ಬದಲಾದ ಕಡೆ ಗೆರೆ ನೇರ ಇಳಿದೋ ಏರಿಯೋ ಇನ್ನೊಂದು ಸಾಲಿಗೆ ಸೇರುತ್ತದೆ. ಅಲ್ಲೇ ಕೆಳಗೆ ಊರಿನ ಹೆಸರು. ಇಡೀ ದಿನ ಒಂದೇ ಗೆರೆ, ಎಲ್ಲೂ ಕಡಿಯುವಂತಿಲ್ಲ. ನಾಲ್ಕೂ ಸಾಲು ಕೂಡಿಸಿದರೆ 24 ಬರಲೇಬೇಕು. ನಿಮ್ಮ ಗಣಿತದ ತರಗತಿಯಲ್ಲಿ ಮಕ್ಕಳಿಂದ ಬರೆಸುವ ಗ್ರಾಫ್ ಹಾಳೆಯಂತೆಯೇ.

ಅಲ್ಲಿನ ಲೆಕ್ಕ ಹೀಗೆ. ಸರಕಿನ ಟ್ರಕ್ಕಿನವನಿಗೆ ಒಂದೇ ಪಟ್ಟಿನಲ್ಲಿ 10 ಗಂಟೆ ಬಿಡುವು ಸಿಕ್ಕ ಮೇಲೆ 14 ಗಂಟೆಯ ಅವಧಿ ಶುರುವಾಗುತ್ತದೆ, ಅದರೊಳಗೆ 11 ಗಂಟೆ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ 30 ನಿಮಿಷ ನಿಲ್ಲಬೇಕು. ಕಂಪನಿ ವಾರವಿಡೀ ನಡೆಯುವಂಥದ್ದಾದರೆ 8 ದಿನಕ್ಕೆ 70 ಗಂಟೆ, ಇಲ್ಲದಿದ್ದರೆ 7 ದಿನಕ್ಕೆ 60 ಗಂಟೆ ಮೀರಿದ ಮೇಲೆ ಓಡಿಸುವಂತಿಲ್ಲ. ಹಿಂದಿನ ಏಳು ದಿನದ ಹಾಳೆ ಚಾಲಕನ ಬಳಿ ಇರಬೇಕು, ಕಂಪನಿ ಆರು ತಿಂಗಳು ಕಾಯ್ದಿಡಬೇಕು. 2017ರ ಡಿಸೆಂಬರ್ 18ರಿಂದ ಹೆಚ್ಚಿನ ಟ್ರಕ್ಕುಗಳಲ್ಲಿ ಕಾಗದದ ಬದಲು ಎಂಜಿನ್ನಿಗೆ ಜೋಡಿಸಿದ ಯಂತ್ರವೇ ದಾಖಲಿಸುತ್ತದೆ. 2000ಕ್ಕಿಂತ ಹಿಂದಿನ ಎಂಜಿನ್ ಇರುವಂಥ ಕೆಲವು ಗಾಡಿಗಳಿಗೆ ಇವತ್ತಿಗೂ ಹಾಳೆ ನಡೆಯುತ್ತದೆ. ಯಂತ್ರ ಕೆಟ್ಟರೂ ಕೆಲವು ದಿನ ಹಾಳೆಗೇ ಮರಳಬೇಕು. ಯುರೋಪಿನಲ್ಲಿ ಇದೇ ಕೆಲಸಕ್ಕೆ ಸ್ಪೀಡೋಮೀಟರಿನೊಳಗೆ ದುಂಡನೆಯ ಕಾಗದದ ತಟ್ಟೆ ಇಡುತ್ತಿದ್ದರು. 2006ರಿಂದ ಹೊಸ ಗಾಡಿಗಳಿಗೆ ಡಿಜಿಟಲ್ ಬಂತು. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ.

ನಿಮ್ಮ ಅಕ್ಕನ ಮಗನನ್ನು ಒಂದು ಮಾತು ಕೇಳಿ ನೋಡಿ: ಗೋದಾಮಿನಲ್ಲಿ ಲೋಡಿಗೆ ಕಾದ ಹೊತ್ತು ಏನಾಗುತ್ತದೆ? ಆ 14 ಗಂಟೆ ಅಲ್ಲೂ ಓಡುತ್ತಲೇ ಇರುತ್ತದೆ. ಕಾಯುವ ಕಷ್ಟ ಕಾರಟಗಿಯಲ್ಲಿ ಮಾತ್ರ ಇಲ್ಲ. ಅಲ್ಲಿ ಅದು ಲೆಕ್ಕಕ್ಕೆ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನನಗೆ ಓದು ಬರಹ ಅಷ್ಟಕ್ಕಷ್ಟೇ. ಈ ಪತ್ರವನ್ನೂ ಮಗಳ ಕೈಲಿ ಬರೆಸಿದ್ದೇನೆ. ನನ್ನಂಥವರು ಏನು ಮಾಡಬೇಕು?
– ಚಾಲಕರು, ಸಿರುಗುಪ್ಪ

ಉತ್ತರ: ಅಣ್ಣಾ, ಮೇಲೆ ಮೇಷ್ಟ್ರಿಗೆ ಹೇಳಿದ ಹಾಳೆ ನಿಮಗೇ ಹೇಳಿ ಮಾಡಿಸಿದ್ದು. ಗೆರೆ ಎಳೆಯಲು ಅಕ್ಷರ ಬೇಡ, ಗಡಿಯಾರ ನೋಡಲು ಬಂದರೆ ಸಾಕು. ಮಗಳಿಗೆ ಹೇಳಿ ಒಂದು ಪುಟ ಸ್ಕೇಲ್ ಇಟ್ಟು ಮಾಡಿಸಿ: ಅಡ್ಡಕ್ಕೆ 24 ಮನೆ, ನಾಲ್ಕು ಸಾಲು. ಸಾಲಿನ ಮೊದಲಿಗೆ ಚಿತ್ರ ಹಾಕಿಸಿ. ಸ್ಟೇರಿಂಗ್, ಚೀಲ, ಗಡಿಯಾರ, ಚಾಪೆ. ಊಟ ಚಹಾದ ಬಿಡುವನ್ನೂ ಚಾಪೆಯ ಸಾಲಿನಲ್ಲೇ ಹಾಕಿ. ಅದನ್ನು ಜೆರಾಕ್ಸ್ ಮಾಡಿಸಿ ರಟ್ಟಿಗೆ ಕಟ್ಟಿಕೊಳ್ಳಿ, ದಿನಕ್ಕೊಂದು ಹಾಳೆ. ಊರಿನ ಹೆಸರಿಗೆ ಬದಲು ಗಾಡಿ ನಿಲ್ಲಿಸಿದ ಕಡೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ತಾರೀಖು ಹೊತ್ತು ಅದರಲ್ಲೇ ಉಳಿಯುತ್ತದೆ.

ಪ್ರಶ್ನೆ: ಗಾಡಿಗೆ ಜಿಪಿಎಸ್ ಇದೆ. ಓನರ್ ಮೊಬೈಲಿನಲ್ಲಿ ಎಲ್ಲ ಕಾಣುತ್ತದೆ. ಮತ್ತೆ ಕಾಗದ ಯಾಕೆ?
– ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್, ತೋರಣಗಲ್ಲು

ಉತ್ತರ: ಗಾಡಿ ನಿಂತಿದೆ ಎಂದು ಜಿಪಿಎಸ್ ಹೇಳುತ್ತದೆ. ಚಾಲಕ ಮಲಗಿದ್ದನೋ, ಜಾಕ್ ಹಾಕಿ ಟೈರು ಬಿಚ್ಚುತ್ತಿದ್ದನೋ, ಪಾಳಿಯಲ್ಲಿ ಎಂಜಿನ್ ಬಂದ್ ಮಾಡಿ ಕೂತಿದ್ದನೋ ಅದಕ್ಕೆ ಗೊತ್ತಿಲ್ಲ. ನಿಮ್ಮ ಮೊಬೈಲಿನಲ್ಲಿ ಮೂರೂ ಒಂದೇ ಬಣ್ಣದ ಚುಕ್ಕೆ. ಸೂಪರ್‌ವೈಸರ್ ಆದ ನೀವು ಆ ಚುಕ್ಕೆ ನೋಡಿ ‘ಆರು ತಾಸು ರೆಸ್ಟ್ ಆಗಿದೆಯಲ್ಲ, ಹೊರಡು’ ಎನ್ನುವ ಮೊದಲು ಅವನನ್ನು ಕೇಳಿ, ಅವನ ಪುಟ ನೋಡಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಕೆಲಸಕ್ಕೆ ಬರುತ್ತವೆ.

ಪ್ರಶ್ನೆ: ಗಿಣಿಗೇರಾ ಕಡೆಯ ಕಾರ್ಖಾನೆಯೊಂದರ ಗೇಟಿನಲ್ಲಿ ಕ್ಲರ್ಕ್ ಆಗಿದ್ದೇನೆ. ಚಾಲಕರು ಹೊರಗೆ ಬಿಸಿಲಲ್ಲಿ ತಾಸುಗಟ್ಟಲೆ ಕಾಯುವುದನ್ನು ದಿನಾ ನೋಡುತ್ತೇನೆ. ನಾನು ಸಣ್ಣ ನೌಕರ. ನನ್ನ ಕೈಲಿ ಏನಾಗುತ್ತದೆ?
– ಹೆಸರು ಬೇಡ ಎಂದವರು, ಕೊಪ್ಪಳ

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ನಿಮ್ಮ ಕೈಲಿ ಬಹಳ ಆಗುತ್ತದೆ. ಗೇಟ್ ಪಾಸಿನಲ್ಲಿ ಗಾಡಿ ಒಳಗೆ ಹೋದ ಹೊತ್ತು ಮಾತ್ರ ಇರುತ್ತದೆ, ಹೊರಗೆ ಬಂದು ನಿಂತ ಹೊತ್ತು ಇರುವುದಿಲ್ಲ. ಆ ಹೊತ್ತನ್ನು ನೀವು ಪೆನ್ನಿನಲ್ಲಿ ಒಂದು ಮೂಲೆಗೆ ಬರೆದು ಚಿಕ್ಕ ಸಹಿ ಹಾಕಿ ಕೊಡಿ. ಗಾಡಿ ಬಂದ ಕ್ರಮದಲ್ಲಿ ನಂಬರು ಚೀಟಿ ಕೊಡಿ. ‘ನಿಮ್ಮದು ಇನ್ನು ಎರಡು ತಾಸು ಆಗುತ್ತದೆ, ಹೋಗಿ ಮಲಗಿ’ ಎಂದು ಬಾಯಿಬಿಟ್ಟು ಹೇಳಿ. ನಂಬರು ಬಂದಾಗ ಫೋನು ಮಾಡುತ್ತೀರಿ ಎಂಬ ನಂಬಿಕೆ ಬಂದರೆ ಅವರು ನಿಜಕ್ಕೂ ಮಲಗುತ್ತಾರೆ. ಮೇಲಿನವರ ಹತ್ತಿರ ನೆರಳಿಗೊಂದು ಶೆಡ್ಡು, ಕುಡಿಯುವ ನೀರು, ಪಾಯಖಾನೆ ಕೇಳುವಾಗ ಬರೀ ಮಾತಿನಲ್ಲಿ ಕೇಳಬೇಡಿ. ಒಂದು ತಿಂಗಳು ಯಾವ ಯಾವ ದಿನ ಎಷ್ಟು ಗಾಡಿ, ಎಷ್ಟು ತಾಸು ನಿಂತವು ಎಂಬ ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿ. ಪಟ್ಟಿ ಹೇಗೆ ಮಾಡಬೇಕೆಂದು ತಿಳಿಯದಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಮೂನೆ ಕಳಿಸುತ್ತೇನೆ.